90 ಡಿಗ್ರಿ ಬೂಟಿನ ಹಸಿರು ಫಾಸ್ಟ್ ಕನೆಕ್ಟರ್: ತುಮಕೂರಿನ ಮನೆಗಳಲ್ಲಿ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಫೈಬರ್ ಇಂಟರ್‌ನೆಟ್ ಕೇಬಲ್‌ನ ತುದಿಗೆ ಕೈಯಲ್ಲೇ ಹಾಕಿ ಮೋಡೆಮ್‌ಗೆ ಚುಚ್ಚುವ ಈ ಕನೆಕ್ಟರ್ ಚೆನ್ನಾಗಿದೆ. ಮನೆಯೊಳಗಿನ ಕೆಲಸಕ್ಕೆ ಧೈರ್ಯವಾಗಿ ತಗೊಳ್ಳಿ. ಕಂಬದ ಮೇಲಿನ ಡಬ್ಬಿಗೆ, ತೋಟದ ಪಂಪ್‌ಹೌಸಿಗೆ, ಬಿಸಿಲು ಮಳೆ ಬೀಳುವ ಜಾಗಕ್ಕೆ ಮಾತ್ರ ಬೇಡ. ಅಲ್ಲಿ ಸ್ಪ್ಲೈಸಿಂಗೇ ಸರಿ, ಅಂದರೆ ಫೈಬರ್ ತುದಿಗಳನ್ನು ಕರಗಿಸಿ ಬೆಸೆಯುವುದು. ಅಷ್ಟು ತಿಳಿದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಇದು ಯಾಕೆ ಚೆನ್ನಾಗಿದೆ, ಎಲ್ಲಿ ಕೈಕೊಡುತ್ತದೆ ಅಂತ ಅರ್ಥವಾದರೆ ಮುಂದೆ ಯಾವ ಕನೆಕ್ಟರ್ ಕೊಂಡರೂ ಮೋಸ ಹೋಗುವುದಿಲ್ಲ. ಅಂಗಡಿಗಳಲ್ಲಿ "ಎಲ್ಲಾ ಒಂದೇ ಸರ್, ಹಸಿರು ಇದೆಯಲ್ಲ, ತಗೊಂಡು ಹೋಗಿ" ಅಂತ ಕೊಟ್ಟು ಕಳಿಸುತ್ತಾರೆ. ಎಲ್ಲಾ ಒಂದೇ ಅಲ್ಲ.

ನಾನು ತುಮಕೂರಿನಲ್ಲಿ ಮನೆಗಳಿಗೆ ಫೈಬರ್ ಇಂಟರ್‌ನೆಟ್ ಎಳೆದುಕೊಡುವ ಕೆಲಸ ಮಾಡುತ್ತೇನೆ. ಅಶೋಕ ನಗರ, ಬಟವಾಡಿ, ಕ್ಯಾತ್ಸಂದ್ರ, ಶಿರಾ ಗೇಟ್, ಒಮ್ಮೊಮ್ಮೆ ಗುಬ್ಬಿ ಕಡೆಯ ತೋಟದ ಮನೆಗಳು. ನಮಗೆ ಬರುವ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಕಂಬದ ಮೇಲೆ ಇರುವುದಿಲ್ಲ, ಟೀವಿ ಸ್ಟ್ಯಾಂಡಿನ ಹಿಂದೆ ಇರುತ್ತದೆ. ಬಟವಾಡಿಯ ಅಜ್ಜಿಯೊಬ್ಬರು ಫೋನ್ ಮಾಡಿ, "ಏನಪ್ಪಾ, ಸ್ಟ್ಯಾಂಡು ಮುಂದಕ್ಕೆ ಎಳೆದ್ರೆ ನೆಟ್ ಬರುತ್ತೆ, ಗೋಡೆಗೆ ಒತ್ತಿದ್ರೆ ಹೋಗುತ್ತೆ, ಯಾಕಪ್ಪಾ ಹಂಗೆ" ಅಂತ ಕೇಳಿದರು. ಅವರು ಹೇಳಿದ್ದರಲ್ಲೇ ಕಾರಣವೂ ಇತ್ತು. ಮೋಡೆಮ್‌ನ ಬೆನ್ನಿಗೆ ನೆಟ್ಟಗೆ ಚುಚ್ಚಿದ ಕನೆಕ್ಟರ್, ಅದರ ಬಾಲ, ಅದರ ಹಿಂದಿನ ಕೇಬಲ್ ಎಲ್ಲಾ ಸೇರಿದರೆ ಗೋಡೆಗೂ ಮೋಡೆಮ್‌ಗೂ ನಡುವೆ ಒಂದು ಗೇಣು ಹತ್ತಿರ ಜಾಗ ಬೇಕು. ಯಾರ ಮನೆಯಲ್ಲೂ ಅಷ್ಟು ಜಾಗ ಬಿಡುವುದಿಲ್ಲ. ಸ್ಟ್ಯಾಂಡು ಒತ್ತಿದಾಗ ಕೇಬಲ್ ಕನೆಕ್ಟರ್‌ನ ಕುತ್ತಿಗೆಯಲ್ಲೇ ಮಡಚಿಕೊಳ್ಳುತ್ತದೆ, ಬೆಳಕು ಅಲ್ಲೇ ಸೋರಿಹೋಗುತ್ತದೆ.

ಇದಕ್ಕೆ ಪರಿಹಾರ ಅಂತ ಬಂದಿರುವುದೇ ಈ ಕನೆಕ್ಟರ್. ಮಾಮೂಲಿ ಎಸ್‌ಸಿ ಎಪಿಸಿ ಫಾಸ್ಟ್ ಕನೆಕ್ಟರ್, ಅಂದರೆ ಹಸಿರು ಬಣ್ಣದ್ದು. ಅದರ ಹಿಂದೆ ಕ್ಲಿಪ್ ಮಾಡುವ 90 ಡಿಗ್ರಿ ಬೂಟ್ ಒಂದು ಬರುತ್ತದೆ, ಅಂದರೆ ಕೇಬಲನ್ನು ಪಕ್ಕಕ್ಕೆ ತಿರುಗಿಸಿ ಹಿಡಿಯುವ ಕವಚ. ಬೆಂಗಳೂರಿನ ಎಸ್‌ಪಿ ರೋಡ್ ಕಡೆಯಿಂದ ತರಿಸಿದ್ದು, ಪೆಟ್ಟಿಗೆ ಮೇಲೆ ಹೇಳಿಕೊಳ್ಳುವ ಹೆಸರೇನೂ ಇಲ್ಲ. ಬೆಲೆ ಒಂದಕ್ಕೆ 60 ರೂಪಾಯಿ ಆಸುಪಾಸು, ನೇರ ಕನೆಕ್ಟರ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಒಳಗೆ ಕನೆಕ್ಟರ್, ಬೂಟ್, ಫೈಬರ್ ಅಳತೆಗೆ ಒಂದು ಪ್ಲಾಸ್ಟಿಕ್ ಜಿಗ್, ಅಂಗೈಯಷ್ಟು ಸೂಚನೆ ಚೀಟಿ. ಚೀಟಿ ಓದಲು ಕಷ್ಟ, ಚಿತ್ರ ನೋಡಿದರೆ ಸಾಕು.

ನನಗೆ ಇದರಲ್ಲಿ ತುಂಬಾ ಇಷ್ಟವಾಗಿದ್ದು ಒಂದು ವಿಷಯ. ಫೈಬರನ್ನು ನೇರವಾಗಿ ಕೂರಿಸುವ ಕೆಲಸ ಬೇರೆ, ತಿರುಗಿಸುವ ಕೆಲಸ ಬೇರೆ ಅಂತ ಇದನ್ನು ಮಾಡಿದವರಿಗೆ ಗೊತ್ತಿದೆ. ಕನೆಕ್ಟರ್ ಒಳಗೆ ಫೈಬರ್ ಕೊನೆಯವರೆಗೂ ನೇರವಾಗಿಯೇ ಹೋಗುತ್ತದೆ, ಅಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಿರುವು ಶುರುವಾಗುವುದು ಅದಾದ ಮೇಲೆ, ಬೂಟಿನಲ್ಲಿ. ಸುಮ್ನೆ ಹೇಳುತ್ತಿಲ್ಲ, ಈ ಕ್ರಮ ತಪ್ಪಿದ ಕನೆಕ್ಟರ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಫೈಬರ್ ಹಿಡಿಯುವ ಜಾಗಕ್ಕೇ ಬಾಗಿನ ಒತ್ತಡ ಬೀಳುತ್ತದೆ. ಹಾಕಿದ ದಿನ ಚೆನ್ನಾಗಿರುತ್ತದೆ, ಮನೆಯವರು ಕಸ ಗುಡಿಸುವಾಗ ಕೇಬಲ್ ಸ್ವಲ್ಪ ಎಳೆದರೆ ಸಿಗ್ನಲ್ ಕುಸಿಯುತ್ತದೆ.

ಈ ನೇರ ಕೂರಿಸುವ ಕೆಲಸ ಎಷ್ಟು ಸೂಕ್ಷ್ಮ ಅಂತ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಾವು ಬಳಸುವ ಸಿಂಗಲ್ ಮೋಡ್ ಫೈಬರ್‌ನ ಗಾಜು 125 ಮೈಕ್ರಾನ್ ದಪ್ಪ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು). ಅದರಲ್ಲಿ ಬೆಳಕು ಹೋಗುವುದು ನಡುವಿನ ಸುಮಾರು 9 ಮೈಕ್ರಾನ್ ಜಾಗದಲ್ಲಿ ಮಾತ್ರ. ಒಂದು ಫೈಬರ್‌ನ ಆ 9 ಮೈಕ್ರಾನ್ ಇನ್ನೊಂದರ 9 ಮೈಕ್ರಾನ್ ಎದುರಿಗೆ ಕೂರಬೇಕು. 1310 ನ್ಯಾನೋಮೀಟರ್ ಬೆಳಕಿಗೆ 1 ಮೈಕ್ರಾನ್ ಪಕ್ಕಕ್ಕೆ ಸರಿದರೆ ಸುಮಾರು 0.2 ಡಿಬಿ ಹೋಗುತ್ತದೆ, ಡಿಬಿ ಅಂದರೆ ಬೆಳಕಿನ ನಷ್ಟದ ಅಳತೆ. ಅದೇನು ಜಾಸ್ತಿ ಅಲ್ಲ. 2 ಮೈಕ್ರಾನ್ ಸರಿದರೆ 0.8 ಡಿಬಿ. 3 ಮೈಕ್ರಾನ್ ಆದರೆ 1.8 ದಾಟುತ್ತದೆ. ಅಂದರೆ ನಷ್ಟ ಒಂದೇ ಸಮನೆ ಏರುವುದಿಲ್ಲ, ಸರಿದಷ್ಟೂ ವರ್ಗದ ಲೆಕ್ಕದಲ್ಲಿ ಏರುತ್ತದೆ. ಫೈಬರ್ 1 ಡಿಗ್ರಿ ಓರೆಯಾಗಿ ಕೂತರೂ 0.3 ಡಿಬಿಗಿಂತ ಜಾಸ್ತಿ ಹೋಗುತ್ತದೆ. 3 ಡಿಬಿ ಅಂದರೆ ಅರ್ಧ ಬೆಳಕೇ ಹೋಯಿತು ಅಂತ ನೆನಪಿರಲಿ.

ಅಷ್ಟು ಸಣ್ಣದನ್ನು ಕೈಯಲ್ಲಿ ಕೂರಿಸುವುದು ಹೇಗೆ? ಕೂರಿಸುವುದು ಕೈ ಅಲ್ಲ, ಕನೆಕ್ಟರ್. ಮುಂದೆ ಬಿಳಿ ಬಣ್ಣದ ಜಿರ್ಕೋನಿಯಾ ಫೆರೂಲ್ ಇದೆ, ಅಂದರೆ ಪಿಂಗಾಣಿಯಂಥ ಸಣ್ಣ ಕೊಳವೆ, 2.5 ಮಿಲಿಮೀಟರ್ ದಪ್ಪ, ನಡುವೆ ಫೈಬರ್‌ಗೆ ಅಂತಲೇ ಕೊರೆದ ತೂತು. ಆ ತೂತಿನಲ್ಲಿ ಒಂದು ತುಂಡು ಫೈಬರ್ ಅನ್ನು ಫ್ಯಾಕ್ಟರಿಯಲ್ಲೇ ಅಂಟಿಸಿ, ಮುಂದಿನ ಮುಖವನ್ನು ಅಲ್ಲೇ ಪಾಲಿಶ್ ಮಾಡಿ ಕಳಿಸಿರುತ್ತಾರೆ. ನಮ್ಮ ಕೇಬಲ್‌ನ ಫೈಬರ್ ಹಿಂದಿನಿಂದ ಬಂದು, ವಿ ಆಕಾರದ ಒಂದು ತೋಡಿನಲ್ಲಿ ಆ ತುಂಡಿಗೆ ಮುಟ್ಟುತ್ತದೆ. ವಿ ತೋಡಿನಲ್ಲಿ ದುಂಡನೆಯ ಯಾವುದೇ ವಸ್ತು ಇಟ್ಟು ಮೇಲಿಂದ ಒತ್ತಿದರೆ ಅದು ಎರಡು ಬದಿಗೂ ತಾಗಿ ತಾನಾಗಿಯೇ ನಡುವಿಗೆ ಬರುತ್ತದೆ. ಎರಡೂ ಫೈಬರ್ 125 ಮೈಕ್ರಾನ್ ಇದ್ದರೆ ಎರಡರ ನಡುವೂ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಈಗಿನ ಫೈಬರ್‌ಗಳಲ್ಲಿ ಹೊರ ಅಳತೆಯ ವ್ಯತ್ಯಾಸ 0.7 ಮೈಕ್ರಾನ್ ದಾಟಬಾರದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಜಿ.652.ಡಿ ನಿಯಮವಿದೆ, ಅದಕ್ಕೇ ಈ ಉಪಾಯ ಕೆಲಸ ಮಾಡುತ್ತದೆ. ಎರಡರ ನಡುವೆ ಮುಟ್ಟುವ ಜಾಗದಲ್ಲಿ ಒಂದು ಹನಿ ಜೆಲ್ ಇರುತ್ತದೆ. ಗಾಜಿನಿಂದ ಗಾಳಿಗೆ ಹೋಗುವಾಗ ಪ್ರತಿ ಮುಖದಲ್ಲೂ ಸುಮಾರು 3.5 ಪರ್ಸೆಂಟ್ ಬೆಳಕು ವಾಪಸ್ ಬರುತ್ತದಲ್ಲ, ಗಾಜಿನದೇ ವಕ್ರೀಭವನಾಂಕದ ಈ ಜೆಲ್ ಇದ್ದರೆ ಬೆಳಕಿಗೆ ಅಲ್ಲಿ ಗಾಳಿ ಇದೆ ಅಂತಲೇ ಗೊತ್ತಾಗುವುದಿಲ್ಲ.

ಈ ಕನೆಕ್ಟರ್‌ನ ಬೆನ್ನ ಮೇಲೆ ಒಂದು ಸಣ್ಣ ಕಿಟಕಿ ಇದೆ. ನಮ್ಮ ಫೈಬರ್ ತಳ್ಳುತ್ತಾ ಹೋದಾಗ ತುದಿ ಒಳಗಿನ ತುಂಡಿಗೆ ತಾಗಿ ನಿಲ್ಲುತ್ತದೆ. ಇನ್ನೂ ಒಂಚೂರು ತಳ್ಳಿದರೆ ಕಿಟಕಿಯಲ್ಲಿ ಫೈಬರ್ ಸಣ್ಣದಾಗಿ ಬಿಲ್ಲಿನ ಹಾಗೆ ಮೇಲೇಳುತ್ತದೆ. ಆ ಬಾಗು ಕಂಡ ಮೇಲೆಯೇ ಲಾಕ್ ಒತ್ತಬೇಕು. ಬಾಗು ಇದ್ದರೆ ಫೈಬರ್ ತುದಿ ಮುಂದಕ್ಕೆ ಒತ್ತುತ್ತಲೇ ಇರುತ್ತದೆ, ಚಳಿಗೆ ಪ್ಲಾಸ್ಟಿಕ್ ಕುಗ್ಗಿದರೂ ಬಿಸಿಲಿಗೆ ಹಿಗ್ಗಿದರೂ ನಡುವೆ ಸಂದು ಬೀಳುವುದಿಲ್ಲ. ಕೆಂಪು ಲೈಟಿನ ಪೆನ್ ಹಾಕಿ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಲಾಕ್ ಮಾಡುವ ಮೊದಲು ಕಿಟಕಿ ಕೆಂಪಗೆ ಹೊಳೆಯುತ್ತಿರುತ್ತದೆ, ಸರಿಯಾಗಿ ಮುಟ್ಟಿದ ಕ್ಷಣ ಹೊಳಪು ಮಂಕಾಗುತ್ತದೆ, ಬೆಳಕು ಮುಂದೆ ಹೋಯಿತು ಅಂತ. ಹೊಳಪು ಕಮ್ಮಿಯಾಗದಿದ್ದರೆ ಫೈಬರ್ ತುದಿ ಸರಿಯಾಗಿ ಕಟ್ಟಾಗಿಲ್ಲ, ಹೊರಗೆ ತೆಗೆದು ಮತ್ತೆ ಕ್ಲೀವ್ ಮಾಡಬೇಕು, ಅಂದರೆ ತುದಿಯನ್ನು ನೆಟ್ಟಗೆ ಕತ್ತರಿಸಬೇಕು. ಈ ಕನೆಕ್ಟರ್‌ನ ಕಿಟಕಿ ದೊಡ್ಡದಾಗಿದೆ, ಟಾರ್ಚ್ ಇಲ್ಲದೆಯೂ ಕಾಣುತ್ತದೆ. ಹುಡುಗರಿಗೆ ಕಲಿಸಲು ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ.

ಹಸಿರು ಬಣ್ಣದ ವಿಷಯಕ್ಕೆ ಬರೋಣ. ಹಸಿರು ಅಂದರೆ ಫೆರೂಲ್ ಮುಖ 8 ಡಿಗ್ರಿ ಓರೆಯಾಗಿ ಪಾಲಿಶ್ ಆಗಿದೆ ಅಂತ. ಹೀಗೆ ಓರೆ ಇದ್ದರೆ ಮುಖದಲ್ಲಿ ವಾಪಸ್ ತಿರುಗುವ ಬೆಳಕು 16 ಡಿಗ್ರಿ ಓರೆಯಾಗಿ ಹೊರಡುತ್ತದೆ, ಕೋರ್, ಅಂದರೆ ನಡುವಿನ ಆ 9 ಮೈಕ್ರಾನ್ ಭಾಗ, ಅದನ್ನು ಹಿಡಿದುಕೊಳ್ಳಲಾರದು, ಪಕ್ಕಕ್ಕೆ ಹೋಗಿ ನಾಶವಾಗುತ್ತದೆ. ನೀಲಿ ಬಣ್ಣದ್ದರಲ್ಲಿ ಓರೆ ಇಲ್ಲ. ಒಳ್ಳೆಯ ನೀಲಿ ಕನೆಕ್ಟರ್‌ಗೆ ವಾಪಸ್ ಬರುವ ಬೆಳಕು ಹೋದ ಬೆಳಕಿಗಿಂತ 50 ಡಿಬಿ ಕೆಳಗಿರಬೇಕು ಅಂದರೆ ಹಸಿರಿಗೆ 60. ಹಸಿರನ್ನು ನೀಲಿಗೆ ಚುಚ್ಚಬೇಡಿ ಅಂತ ಎಷ್ಟು ಹೇಳಿದರೂ ಕೆಲವರು ಚುಚ್ಚುತ್ತಾರೆ. ಒಂದು ಮುಖ ಓರೆ, ಇನ್ನೊಂದು ನೇರ, ನಡುವೆ ಸಂದು. ನಷ್ಟವೂ ಜಾಸ್ತಿ, ಮುಖಕ್ಕೆ ಗೀರೂ ಬೀಳುತ್ತದೆ.

ಇಲ್ಲಿ ಒಂದು ಮೋಸ ಇದೆ, ಹುಷಾರಾಗಿರಿ. ತೀರಾ ಅಗ್ಗದ ಕೆಲವು ಹಸಿರು ಕನೆಕ್ಟರ್‌ಗಳಲ್ಲಿ ಒಳಗೆ ಪಾಲಿಶ್ ಮಾಡಿದ ತುಂಡೇ ಇರುವುದಿಲ್ಲ. ನಮ್ಮ ಕೇಬಲ್‌ನ ಫೈಬರೇ ಫೆರೂಲ್ ದಾಟಿ ಮುಂದೆ ಬಂದು ನಿಲ್ಲುತ್ತದೆ. ನಮ್ಮ ಕ್ಲೀವರ್ ಫೈಬರನ್ನು ನೇರವಾಗಿ ಕತ್ತರಿಸುತ್ತದೆ, 8 ಡಿಗ್ರಿ ಓರೆಯಾಗಿ ಅಲ್ಲ. ಅಲ್ಲಿಗೆ ಬಣ್ಣ ಮಾತ್ರ ಹಸಿರು, ಗುಣ ಹಸಿರಿನದಲ್ಲ. ನಮ್ಮೂರಿನ ಒಂದು ಅಂಗಡಿಯಲ್ಲಿ ಇಂಥದ್ದನ್ನೇ "ಅದೇ ಐಟಂ" ಅಂತ ಕೊಟ್ಟರು, ತಿರುಗಿ ತಗೊಳ್ಳಲು ಒಪ್ಪಲಿಲ್ಲ. ಕೊಳ್ಳುವಾಗ ಟೋಪಿ ತೆಗೆದು ಫೆರೂಲ್ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ನಡುವೆ ಫೈಬರ್ ತುಂಬಿದ್ದು ಮುಖ ಕನ್ನಡಿಯ ಹಾಗೆ ಹೊಳೆದರೆ ಸರಿ, ಬರೀ ತೂತು ಕಂಡರೆ ವಾಪಸ್ ಇಟ್ಟುಬಿಡಿ.

ಈಗ ಬೂಟ್. ಹತ್ತು ರೂಪಾಯಿ ನಾಣ್ಯವನ್ನು ಬೂಟಿನ ಒಳಬಾಗಿಗೆ ಇಟ್ಟು ನೋಡಿದೆ, ಸರಿಯಾಗಿ ಕೂರುತ್ತದೆ. ನಾಣ್ಯ 27 ಮಿಲಿಮೀಟರ್ ಅಗಲ, ಅಂದರೆ ಬಾಗಿನ ತ್ರಿಜ್ಯ 13.5 ಮಿಲಿಮೀಟರ್. ಈಗ ಮನೆಗಳಿಗೆ ಎಳೆಯುವ ಡ್ರಾಪ್ ಕೇಬಲ್‌ಗಳಲ್ಲಿ ಹೆಚ್ಚಾಗಿ ಜಿ.657 ಜಾತಿಯ ಫೈಬರ್ ಇರುತ್ತದೆ. ಅದರಲ್ಲಿ ಎ1 ಅನ್ನುವುದನ್ನು 10 ಮಿಲಿಮೀಟರ್‌ವರೆಗೆ, ಎ2 ಅನ್ನುವುದನ್ನು 7.5ವರೆಗೆ ಬಗ್ಗಿಸಬಹುದು ಅಂತ ನಿಯಮ. ಹಾಗಾಗಿ ಈ ಬೂಟಿನಲ್ಲಿ ಕಾಲು ಸುತ್ತಿನ ತಿರುವು ಯಾವ ತೊಂದರೆಯೂ ಇಲ್ಲದೆ ನಡೆಯುತ್ತದೆ. ಹಳೆಯ ಜಿ.652 ಫೈಬರ್ ಇದ್ದರೆ ಮಾತ್ರ ಬೇಡ, ಅದಕ್ಕೆ 30 ಮಿಲಿಮೀಟರ್ ಬೇಕು, ಇಷ್ಟು ಬಾಗಿದರೆ ಬೆಳಕು ಸೋರುತ್ತದೆ. ಕೇಬಲ್ ಮೇಲೆ ಅಚ್ಚಾಗಿರುವ ಅಕ್ಷರ ಓದಿ ಖಚಿತ ಮಾಡಿಕೊಳ್ಳಿ.

ಬಾಗಿಸದೆಯೇ ಬೆಳಕನ್ನು ತಿರುಗಿಸಬಹುದಲ್ವಾ, ಒಂದು ಕನ್ನಡಿ ಇಟ್ಟರೆ ಆಗದಾ ಅಂತ ನಮ್ಮ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಹಾಗೆ ಮಾಡುವ ಕನೆಕ್ಟರ್‌ಗಳೂ ಇವೆ, ಮನೆಗಲ್ಲ, ದೊಡ್ಡ ಕಂಪ್ಯೂಟರ್‌ಗಳ ಒಳಗೆ. ಯುಎಸ್ ಕೊನೆಕ್ ಕಂಪನಿಯ ಪ್ರಿಸಂ ಲೈಟ್‌ಟರ್ನ್ ಅನ್ನುವುದು ಅಂಥದ್ದು. ಅಚ್ಚು ಹಾಕಿದ ಪಾರದರ್ಶಕ ಪ್ಲಾಸ್ಟಿಕ್ ತುಂಡಿನಲ್ಲಿ 12 ಫೈಬರ್ ಸಾಲಾಗಿ ಕೂರುತ್ತವೆ, ಎದುರಿಗೆ 45 ಡಿಗ್ರಿ ಓರೆಯ ಒಂದು ಮುಖ, ಬೆಳಕು ಅದಕ್ಕೆ ಬಡಿದು ನೆಟ್ಟಗೆ ಕೆಳಕ್ಕೆ ತಿರುಗಿ ಸರ್ಕ್ಯೂಟ್ ಬೋರ್ಡ್ ಮೇಲಿನ ಮಾಡ್ಯೂಲ್‌ಗೆ ಸೇರುತ್ತದೆ. ಅಲ್ಲಿ ಕನ್ನಡಿ ಲೇಪ ಇರಬೇಕಾಗಿಲ್ಲ. ದಟ್ಟ ಮಾಧ್ಯಮದಿಂದ ಗಾಳಿಗೆ ಹೊರಟ ಬೆಳಕು ಒಂದು ಕೋನಕ್ಕಿಂತ ಜಾಸ್ತಿ ಓರೆಯಾಗಿ ಬಡಿದರೆ ಪೂರ್ತಿ ಒಳಕ್ಕೇ ತಿರುಗುತ್ತದೆ, ಹೈಸ್ಕೂಲಿನಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ.

ಇದರಲ್ಲಿ ಒಂದು ಸೊಗಸಾದ ಲೆಕ್ಕ ಇದೆ. ಫೈಬರ್ ಗಾಜಿಗೆ ಆ ಗಡಿ ಕೋನ ಸುಮಾರು 43 ಡಿಗ್ರಿ. 45 ಡಿಗ್ರಿ ಮುಖ ಇಟ್ಟರೆ ಗಡಿಗಿಂತ ಬರೀ 2 ಡಿಗ್ರಿ ಆಚೆ. ಆದರೆ ಸಿಂಗಲ್ ಮೋಡ್ ಫೈಬರ್‌ನಿಂದ ಹೊರಟ ಬೆಳಕು ಗಾಜಿನೊಳಗೂ ನಡುಗೆರೆಯ ಎರಡೂ ಕಡೆ ಮೂರೂವರೆ ಡಿಗ್ರಿಯಷ್ಟು ಹರಡಿಕೊಳ್ಳುತ್ತದೆ. ಹಾಗಾಗಿ ಒಂದಷ್ಟು ಬೆಳಕು ಗಡಿಯ ಈಚೆಗೆ ಬಿದ್ದು ಸೋರಿಹೋಗುತ್ತದೆ. ಇದನ್ನು ತಪ್ಪಿಸಲು ಮೊದಲು ಲೆನ್ಸ್ ಇಟ್ಟು ಬೆಳಕನ್ನು ಸಮಾನಾಂತರ ಮಾಡಬೇಕು, ಇಲ್ಲವೇ ಇನ್ನೂ ದಟ್ಟವಾದ ವಸ್ತು ಬಳಸಬೇಕು. ಪಾಲಿಈಥರ್‌ಇಮೈಡ್ ಅನ್ನುವ ಪ್ಲಾಸ್ಟಿಕ್‌ನ ವಕ್ರೀಭವನಾಂಕ 1.64 ಆಸುಪಾಸು ಇರುತ್ತದೆ, ಅದಕ್ಕೆ ಗಡಿ 38 ಡಿಗ್ರಿಗೆ ಇಳಿಯುತ್ತದೆ, ಆಗ ಧಾರಾಳ ಜಾಗ ಸಿಗುತ್ತದೆ. ಆದರೆ ಆ ಮುಖದ ಹೊರಗಡೆ ನೀರು ಕೂತರೆ? ನೀರಿನ ಎದುರು ಗಡಿ 54 ಡಿಗ್ರಿಗೆ ಏರುತ್ತದೆ, 45ಕ್ಕೆ ಬಡಿದ ಬೆಳಕು ಆಚೆ ಹೋಗಿಬಿಡುತ್ತದೆ. ಹಾಗಾಗಿ ಇಂಥ ಕನೆಕ್ಟರ್ ಎಸಿ ಹಾಕಿದ ಸರ್ವರ್ ರೂಮಿಗೆ ಸರಿ, ಕ್ಯಾತ್ಸಂದ್ರದ ಹೋಟೆಲ್ ಅಡುಗೆಮನೆ ಪಕ್ಕದ ಗೋಡೆಗೆ ಅಲ್ಲ, ಅಲ್ಲಿ ಇಡ್ಲಿ ಹಬೆಯೇ ಸಾಕು.

ಲೆನ್ಸ್ ಇಟ್ಟು ಬೆಳಕಿನ ಅಗಲ ಹೆಚ್ಚಿಸಿ ಜೋಡಿಸುವ ಕನೆಕ್ಟರ್‌ಗಳೂ ಇವೆ, ಸೇನೆಯಂಥ ಕಡೆ ಬಳಸುತ್ತಾರೆ. ಅಗಲ ಹತ್ತು ಪಟ್ಟು ಮಾಡಿದರೆ ಪಕ್ಕಕ್ಕೆ ಸರಿದಿದ್ದನ್ನು ಹತ್ತು ಪಟ್ಟು ಸಹಿಸುತ್ತದೆ, ಒಂದು ಧೂಳಿನ ಕಣ ಎಲ್ಲಾ ಬೆಳಕನ್ನೂ ಮುಚ್ಚುವುದಿಲ್ಲ. ಆದರೆ ಓರೆಯಾಗುವುದನ್ನು ಹತ್ತು ಪಟ್ಟು ಕಡಿಮೆ ಸಹಿಸುತ್ತದೆ. ಒಂದು ಕಡೆ ಸಡಿಲ ಬಿಟ್ಟರೆ ಇನ್ನೊಂದು ಕಡೆ ಬಿಗಿ ಮಾಡಲೇಬೇಕು. 60 ರೂಪಾಯಿಯ ಐಟಂನಲ್ಲಿ ಅದೆಲ್ಲಾ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ನಮ್ಮ ಬಳಕೆಗೆ ನಾಣ್ಯದಷ್ಟು ದೊಡ್ಡ ಬಾಗೇ ಒಳ್ಳೆಯ ಪರಿಹಾರ.

ಪೆಟ್ಟಿಗೆ ಮೇಲೆ ನಷ್ಟ ಸರಾಸರಿ 0.3 ಡಿಬಿ ಅಂತ ಬರೆದಿದ್ದಾರೆ. ನಮ್ಮ ಪವರ್ ಮೀಟರ್‌ನಲ್ಲಿ ಹೆಚ್ಚಿನವು 0.2ರಿಂದ 0.5 ಒಳಗೆ ಬಂದವು. ಒಂದೆರಡು 0.7 ತೋರಿಸಿದಾಗ ಮತ್ತೆ ಕ್ಲೀವ್ ಮಾಡಿದ ಮೇಲೆ ಇಳಿಯಿತು. ಹಾಗಾಗಿ ಅದು ಸುಳ್ಳಲ್ಲ. ಬಟವಾಡಿಯ ಆ ಮನೆಯಲ್ಲಿ ಸ್ಟ್ಯಾಂಡು ಒತ್ತಿದಾಗ ಮೋಡೆಮ್‌ಗೆ ಬರುವ ಬೆಳಕು ಮೈನಸ್ 27 ಡಿಬಿಎಂಗಿಂತ ಕೆಳಗಿಳಿಯುತ್ತಿತ್ತು (ಡಿಬಿಎಂ ಅಂದರೆ ಬೆಳಕಿನ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ). ನಾವು ಬಳಸುವ ಬಿ ಪ್ಲಸ್ ದರ್ಜೆಯ ಜಿಪಾನ್‌ನಲ್ಲಿ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಮೋಡೆಮ್ ಹಿಡಿಯಬಲ್ಲ ಗಡಿಯೇ ಮೈನಸ್ 27 ಡಿಬಿಎಂ. ಈ ಕನೆಕ್ಟರ್ ಹಾಕಿದ ಮೇಲೆ ಸ್ಟ್ಯಾಂಡು ಗೋಡೆಗೆ ಪೂರ್ತಿ ತಾಗಿದ್ದರೂ ಮೈನಸ್ 20ರ ಹತ್ತಿರ ನಿಂತಿದೆ.

ಇದೇ ಕೆಲಸದಲ್ಲಿರುವವರಿಗೆ ಒಂದು ಮಾತು. ನಷ್ಟ ಬಾಗಿನದ್ದಾ ಕನೆಕ್ಟರ್‌ನದ್ದಾ ಅಂತ ಗೊತ್ತಾಗದಿದ್ದರೆ ಎರಡು ಬಣ್ಣದ ಬೆಳಕಿನಲ್ಲಿ ಅಳೆಯಿರಿ. 1550 ನ್ಯಾನೋಮೀಟರ್‌ನಲ್ಲಿ ಜಾಸ್ತಿ ನಷ್ಟ, 1310ರಲ್ಲಿ ಕಡಿಮೆ ಅಂತ ಬಂದರೆ ಎಲ್ಲೋ ಕೇಬಲ್ ಮಡಚಿಕೊಂಡಿದೆ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಹೋಗಿದ್ದರೆ ಮೊದಲು ಕನೆಕ್ಟರ್ ಮುಖ ಒರೆಸಿ.

ತೊಂದರೆಗಳೂ ಇವೆ. ಮೊದಲನೆಯದು ದೊಡ್ಡದು. ನಮ್ಮ ಡ್ರಾಪ್ ಕೇಬಲ್ ಚಪ್ಪಟೆ, ಎರಡು ಪಕ್ಕದಲ್ಲಿ ಎರಡು ಗಟ್ಟಿ ಕಡ್ಡಿ ಇರುತ್ತವೆ. ಅದು ಚಪ್ಪಟೆ ಕಡೆಗೆ ಮಾತ್ರ ಬಾಗುತ್ತದೆ, ಅಂಚಿನ ಕಡೆಗೆ ಬಗ್ಗಿಸಿದರೆ ಕಡ್ಡಿ ಲಟಕ್ ಅನ್ನುತ್ತದೆ. ಈ ಬೂಟಿನ ಸೀಳು ಒಂದೇ ದಿಕ್ಕಿಗೆ ಇದೆ. ಕನೆಕ್ಟರ್‌ನ ಕೀ, ಅಂದರೆ ದಿಕ್ಕು ತೋರಿಸುವ ಸಣ್ಣ ಉಬ್ಬು, ಮೇಲ್ಗಡೆ ಬಂದರೆ ಕೇಬಲ್ ಕೆಳಗೆ ಅಥವಾ ಮೇಲೆ ಹೋಗಬಹುದು ಅಷ್ಟೇ, ಎಡಕ್ಕೆ ಬಲಕ್ಕೆ ಹೋಗಲ್ಲ. ಮೇಜಿನ ಮೇಲೆ ಮಲಗಿಸಿದ ಮೋಡೆಮ್‌ಗೆ ಕೆಳಗೆ ಜಾಗ ಇರುವುದಿಲ್ಲ, ಮೇಲಕ್ಕೆ ಬಿಟ್ಟರೆ ನೋಡಲು ಚೆಂದ ಕಾಣುವುದಿಲ್ಲ ಅಂತ ಮನೆಯವರ ತಕರಾರು. ಬೂಟು ನಾಲ್ಕು ದಿಕ್ಕಿಗೂ ತಿರುಗಿಸಿ ಹಾಕುವ ಹಾಗೆ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು. ದುಂಡನೆಯ 3 ಮಿಲಿಮೀಟರ್ ಕೇಬಲ್ ಹಾಕಿದರೆ ಈ ಸಮಸ್ಯೆ ಇಲ್ಲ.

ಎರಡನೆಯದು, ಬೂಟಿನ ಕ್ಲಿಪ್ ಎರಡು ಸಲ ಬಿಚ್ಚಿ ಹಾಕಿದರೆ ಸಡಿಲವಾಗುತ್ತದೆ. ಫೈಬರ್ ಹಿಡಿತಕ್ಕೆ ಏನೂ ಆಗುವುದಿಲ್ಲ, ಅದಕ್ಕೇ ಹೇಳಿದ್ದು ಎರಡು ಕೆಲಸ ಬೇರೆ ಮಾಡಿದ್ದು ಒಳ್ಳೆಯದಾಯಿತು ಅಂತ, ಆದರೆ ಬಾಗು ಬಿಟ್ಟುಕೊಳ್ಳುತ್ತದೆ.

ಮೂರನೆಯದು ಜೆಲ್. ಅದರ ತಯಾರಿಕೆಯ ತಾರೀಖಾಗಲಿ, ಎಷ್ಟು ದಿನ ಇರುತ್ತದೆ ಅಂತಾಗಲಿ ಎಲ್ಲೂ ಬರೆದಿಲ್ಲ. ಕಂಬದ ಮೇಲೆ ಬೇಡ ಅಂದಿದ್ದು ಇದಕ್ಕೇ. ಪಾವಗಡ, ಮಧುಗಿರಿ ಕಡೆಯ ಬೇಸಿಗೆಯಲ್ಲಿ ಕರಿ ಡಬ್ಬಿಯೊಳಗಿನ ಶಾಖ ಹೇಗಿರುತ್ತದೆ ಅಂತ ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಜೆಲ್ ಒಣಗಿದರೆ ಗಾಜಿನ ಎರಡು ತುದಿಗಳ ನಡುವೆ ಗಾಳಿ ಸೇರುತ್ತದೆ. ಇನ್ನು ಒಮ್ಮೆ ಒಳಗೆ ಹಾಕಿದ ಫೈಬರನ್ನು ಹೊರತೆಗೆದು ಒರೆಸದೆ ಮತ್ತೆ ತಳ್ಳಿದರೆ ಧೂಳು ನೇರ ಜೆಲ್‌ಗೆ ಸೇರುತ್ತದೆ. ಗುಬ್ಬಿ, ತಿಪಟೂರು ಕಡೆ ತೆಂಗಿನ ನಾರಿನ ಪುಡಿ ಗಾಳಿಯಲ್ಲೇ ಇರುತ್ತದೆ, ಹೆದ್ದಾರಿ ಪಕ್ಕದ ಮನೆಗಳಲ್ಲಿ ಲಾರಿ ಧೂಳು. ಬರೀ 9 ಮೈಕ್ರಾನ್ ಜಾಗಕ್ಕೆ ಎರಡು ಮೂರು ಮೈಕ್ರಾನ್‌ನ ಕಣ ಬಿದ್ದರೂ ದೊಡ್ಡದೇ. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಟಿಶ್ಯೂ, ಎರಡೂ ಬ್ಯಾಗಿನಲ್ಲಿ ಇರಲೇಬೇಕು. ಅಂಗಿ ಚುಂಗಿನಲ್ಲಿ ಒರೆಸುವ ಅಭ್ಯಾಸ ದಯವಿಟ್ಟು ಬಿಡಿ.

ಕ್ಲೀವರ್ ಬಗ್ಗೆಯೂ ಹೇಳಲೇಬೇಕು. ಇದೇ ಕನೆಕ್ಟರ್ ಹಾಕಿ "ಏನೂ ಸರಿ ಇಲ್ಲ ಅಣ್ಣಾ" ಅಂದ ಒಬ್ಬ ಗೆಳೆಯನ ಕಿಟ್ ನೋಡಿದೆ, ಪೆನ್ನಿನ ಥರದ ಅಗ್ಗದ ಕ್ಲೀವರ್ ಇತ್ತು. ಅದರಲ್ಲಿ ಕತ್ತರಿಸಿದ ತುದಿ ಓರೆಯಾಗಿ, ಚೂರು ಎದ್ದು ಬರುತ್ತದೆ. ಎರಡು ತುದಿ ಮುಟ್ಟುವ ಬದಲು ಒಂದು ಮೂಲೆ ಮಾತ್ರ ಮುಟ್ಟುತ್ತದೆ, ಉಳಿದಿದ್ದನ್ನು ಜೆಲ್ ತುಂಬಬೇಕು. ಒಳ್ಳೆಯ ಕ್ಲೀವರ್‌ನಲ್ಲಿ ಓರೆ 1 ಡಿಗ್ರಿ ಒಳಗಿರುತ್ತದೆ. ನಮ್ಮದರಲ್ಲಿ ಕತ್ತರಿಸಿ ಅದೇ ಪ್ಯಾಕೆಟ್ಟಿನ ಕನೆಕ್ಟರ್ ಹಾಕಿದಾಗ ಅವನ ಮೀಟರ್‌ನಲ್ಲೇ 0.3 ಬಂತು. ಕತ್ತರಿಸಿದ ಗಾಜಿನ ಚೂರನ್ನು ಟೇಪಿಗೆ ಅಂಟಿಸಿ ಡಬ್ಬಿಗೆ ಹಾಕಿ, ಮಕ್ಕಳು ಓಡಾಡುವ ಮನೆ, ಕಾಲಿಗೆ ಹೋದರೆ ಕಾಣುವುದೂ ಇಲ್ಲ.

ಕೊಳ್ಳುವವರು ಒಂದೇ ಸಲ ಪೆಟ್ಟಿಗೆ ತರಿಸಬೇಡಿ. ಮೊದಲು ನಾಲ್ಕು ಪೀಸ್ ತಗೊಂಡು ನೀವು ಬಳಸುವ ಡ್ರಾಪ್ ಕೇಬಲ್‌ಗೇ ಹಾಕಿ ನೋಡಿ, ಯಾಕಂದರೆ ಕೇಬಲ್ ದಪ್ಪ ಒಂದೊಂದು ಕಡೆ ಒಂದೊಂದು ಥರ, ಬೂಟಿನ ಸೀಳಿಗೆ ಸ್ವಲ್ಪ ದಪ್ಪ ಇದ್ದರೂ ಕೂರುವುದಿಲ್ಲ. ಹಾಕಿದ ಮೇಲೆ ಕೇಬಲ್ ಹಿಡಿದು ಮೆಲ್ಲಗೆ ಎಳೆದು, ಆ ಕಡೆ ಈ ಕಡೆ ಅಲ್ಲಾಡಿಸಿ ಮೀಟರ್ ನೋಡುತ್ತಿರಿ. ಅಂಕಿ 0.1ಕ್ಕಿಂತ ಜಾಸ್ತಿ ಅಲುಗದಿದ್ದರೆ ಆಮೇಲೆ ಪೆಟ್ಟಿಗೆ ಹೇಳಿ.